ಎದುರಾಳಿಯ ಕಪಾಟು

ಹಂಪಸಾಗರದ ಗುರುಬಸವರಾಜ ಸತ್ತ ಸುದ್ದಿ ಕೇಳಿ ತಂಬ್ರಹಳ್ಳಿಯ ಜಂಬಣ್ಣ ಮೇಷ್ಟ್ರು ಒಂದು ಹೊತ್ತು ಊಟ ಬಿಟ್ಟರು. ದುಃಖಕ್ಕೆಂದು ಹೆಂಡತಿ ಹಂಪಕ್ಕ ತಿಳಿದಳು. ದುಃಖವೆಲ್ಲಿಯದು, ಸಿಟ್ಟು. ತಾವು ಬರೆದಿಟ್ಟಿದ್ದ ಹೊಸ ಖಂಡನೆಯನ್ನು ಓದದೆಯೇ ಆ ಮನುಷ್ಯ ಜಾರಿಕೊಂಡಿದ್ದ.

ಮೂವತ್ತು ವರ್ಷದ ಜಗಳ ಅದು. ಕಂಬಳಿ ಮರುಳಯ್ಯನೆಂಬ ಹಳೆಯ ತತ್ವಪದಕಾರ ಹುಟ್ಟಿದ್ದು ಹಂಪಸಾಗರದಲ್ಲಿ ಎಂದು ಗುರುಬಸವರಾಜ, ಅಲ್ಲ ತಂಬ್ರಹಳ್ಳಿಯಲ್ಲಿ ಎಂದು ಜಂಬಣ್ಣ. ಹಗರಿಬೊಮ್ಮನಹಳ್ಳಿಯ ಒಂದು ವಾರಪತ್ರಿಕೆಯಲ್ಲಿ ಈ ವಾರ ಅವನು ಬರೆದರೆ ಮುಂದಿನ ವಾರ ಇವರು. ಮರುಳಯ್ಯ ಎಲ್ಲಿ ಹುಟ್ಟಿದರೆ ಓದುವವರಿಗೇನು? ಅವರಿಗೆ ಬೇಕಾಗಿದ್ದುದು ಬೈಗುಳ. ಜಂಬಣ್ಣ ತಮ್ಮ ಬರಹಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ಇಡುತ್ತಿದ್ದರು. ಎದುರಾಳಿಯ ಬರಹವಿದ್ದ ಹಾಳೆಯ ಮೇಲೆ ಮಂಡಕ್ಕಿ ಹರವಿಕೊಂಡು ತಿಂದು, ಮೆಣಸಿನಕಾಯಿಯ ಎಣ್ಣೆಗೈ ಅದಕ್ಕೇ ಒರೆಸಿ ಎಸೆಯುತ್ತಿದ್ದರು. ವ್ರತದಂತೆ ನಡೆಸಿಕೊಂಡು ಬಂದರು ಇದನ್ನು. ಆಮೇಲೆ ಪತ್ರಿಕೆ ನಿಂತಿತು, ಹಳೆಯ ಸಂಚಿಕೆಗಳೆಲ್ಲ ರದ್ದಿಗೆ ಹೋದವು.

2001ರಲ್ಲಿ ಕೊಟ್ಟೂರಿನ ಒಂದು ಟ್ರಸ್ಟಿನವರು ಈ ಕಡೆಯ ಬರಹಗಾರರ ಕಾಗದಪತ್ರ ಕಾಪಾಡಲು ಸಂಗ್ರಹಾಲಯ ತೆರೆದರು. ಒಬ್ಬೊಬ್ಬರಿಗೂ ಒಂದು ಗಾಜಿನ ಕಪಾಟು, ಮೇಲೆ ಹೆಸರಿನ ಹಲಗೆ. ಅದನ್ನು ನೋಡಿಕೊಳ್ಳುತ್ತಿದ್ದ ಕಾಲೇಜು ಉಪನ್ಯಾಸಕಿ ಪುಷ್ಪಲತಾ ಮನೆಗೆ ಬಂದಾಗ ಜಂಬಣ್ಣ ತಮ್ಮ ರಟ್ಟುಗಳ ಧೂಳು ಒರೆಸಿ ಮುಂದಿಟ್ಟರು.

“ನಿಮ್ಮವೂ ತಗೋತೀವ್ರಿ ಸರ್,” ಎಂದಳು ಆಕೆ. “ಮೊದ್ಲ ಗುರುಬಸವರಾಜ್ ಅವ್ರದು ಆಗ್ಬೇಕು. ಅವ್ರ ಅಕ್ಷರ ನಮಗ ಯಾರಿಗೂ ತಿಳಿವಲ್ದು. ನೀವಿಬ್ರೂ ಒಂದ ಸಾಲ್ಯಾಗ ಕಲ್ತವ್ರು, ನಿಮಗ ಓದಾಕ ಬರತೈತಿ ಅಂತ ಅವ್ರ ಮನಿಯವ್ರು ಹೇಳಿದ್ರು. ನೀವ ಓದಿ ಜೋಡಿಸಿ ಕೊಡ್ಬೇಕ್ರಿ.”

ಗುರುಬಸವರಾಜನ ಹೆಂಡತಿ ಶಿವಬಸಮ್ಮ ಗಂಡನ ಕಾಗದವನ್ನೆಲ್ಲ ಎರಡು ಟ್ರಂಕಿಗೆ ತುಂಬಿ, ಟೆಂಪೋದಲ್ಲಿ ತಾನೇ ತಂದಿಳಿಸಿದಳು. “ಅಣ್ಣಾರ, ಇವನ್ನ ನಿಮ್ಮ ಉಡಿಯಾಗ ಹಾಕೀನಿ,” ಎಂದು ಕೈಮುಗಿದಳು.

ಜಂಬಣ್ಣ ಓದತೊಡಗಿದರು. ಮೊದಮೊದಲು ನಗುತ್ತ, ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ. ಪತ್ರಿಕೆಯಲ್ಲಿ ಬಂದದ್ದು ಇದರ ಕಾಲುಭಾಗವೂ ಅಲ್ಲ. ಉಚ್ಚಂಗಿದುರ್ಗದ ಮುದುಕಿಯರಿಂದ ಹಿಡಿದು ಹೊಳೆದಂಡೆಯ ಅಂಬಿಗರ ತನಕ ಎಲ್ಲರಿಂದ ಮರುಳಯ್ಯನ ಪದ ಹಾಡಿಸಿ ಬರೆದುಕೊಂಡಿದ್ದ ಗುರುಬಸವರಾಜ. ಜಂಬಣ್ಣನ ಒಂದೊಂದು ಮಾತಿಗೂ ಅಲ್ಲಿ ಉತ್ತರವಿತ್ತು, ಅದೂ ಬೈಗುಳವಿಲ್ಲದ ಉತ್ತರ. ಬೈದಿದ್ದರಾದರೂ ತಡೆದುಕೊಳ್ಳಬಹುದಿತ್ತು. ಈ ಕಾಗದ ಗಾಜಿನೊಳಗೆ ಕೂತರೆ ತಮ್ಮ ಮೂವತ್ತು ವರ್ಷ ಮಣ್ಣುಪಾಲು ಎಂದು ಅವರಿಗೆ ಖಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಒಂದು ಕಟ್ಟು ಹಾಕಿದರು. ಹಂಡೆಯ ನೀರು ಚೆನ್ನಾಗಿ ಕಾಯಿತು. ಎದುರಾಳಿಯ ಪಾಂಡಿತ್ಯದಲ್ಲಿ ಕಾದ ನೀರು ತಲೆಯ ಮೇಲೆ ಬಿದ್ದಾಗ ಮೇಷ್ಟ್ರಿಗೆ ಹಾಯೆನಿಸಿತು, ಒಂದು ತತ್ವಪದವನ್ನೂ ಗುನುಗಿದರು. ಎರಡೂ ಟ್ರಂಕು ಬರಿದಾಗುವವರೆಗೂ ಇದೇ ನಡೆಯಿತು. ಅಕ್ಷರ ಬಾರದ ಹಂಪಕ್ಕ, “ಈ ಸಲ ಸೌದಿ ಭಾಳ ಉಳದಾವ ನೋಡ್ರಿ,” ಎಂದು ಹಿಗ್ಗಿದಳು.

ಪುಷ್ಪಲತಾ ಬಂದಾಗ ಹೇಳಲು ಸುಳ್ಳು ಸಿದ್ಧವಿತ್ತು. “ಗೆದ್ದಲ ತಿಂದಾವಮ್ಮ. ಟ್ರಂಕಿಗೆ ತುಂಬೂ ಮೊದ್ಲ ಹಂಪಸಾಗರದಾಗ ಹತ್ಯಾವ. ಮ್ಯಾಲೆ ಕಟ್ಟು ನೆಟ್ಟಗ ಕಾಣತಾವ, ಬಿಚ್ಚಿದ್ರ ಒಳಗ ಬರೇ ಮಣ್ಣು.”

ಸುದ್ದಿ ಮುಟ್ಟಿದ್ದೇ ಶಿವಬಸಮ್ಮ ಓಡಿ ಬಂದಳು. ಅಂಗಳದಲ್ಲೇ ಕುಸಿದು ಗಲ್ಲ ಗಲ್ಲ ಬಡಿದುಕೊಂಡಳು. “ಅವ್ರು ಹಾಸಿಗಿ ಹಿಡದಾಗ ನಾ ಆ ಕಾಗದದ ಗೂಡಿನ ಕಡಿ ಹೊಳ್ಳಿ ನೋಡಲಿಲ್ರಿ ಅಣ್ಣಾರ. ಹುಳ ಹತ್ತದಂಗ ಇಡೂ ಬೇವಿನ ಸೊಪ್ಪು ಬದ್ಲಿ ಮಾಡಲಿಲ್ಲ. ನನ್ನ ಕೈಯಾರೆ ಅವ್ರನ್ನ ಇನ್ನೊಮ್ಮಿ ಕೊಂದ್ನಲ್ರಿ!”

ನಿಜದ ಒಂದು ಮಾತು ಹೇಳಿದ್ದರೆ ಆ ಹೆಣ್ಣುಮಗಳ ಎದೆಯುರಿ ಆರುತ್ತಿತ್ತು. ಜಂಬಣ್ಣ ಹೇಳಿದ್ದೇ ಬೇರೆ. “ಅಳಬ್ಯಾಡವಾ. ತಪ್ಪು ಯಾರ ಕೈಲೆ ಆಗಂಗಿಲ್ಲ? ನಾ ಏನ್ ತಿಳಕೊಳ್ಳಂಗಿಲ್ಲ ಬಿಡು.” ಕ್ಷಮಿಸಿಬಿಟ್ಟರು! ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಕೊಟ್ಟೂರಿನಲ್ಲಿ ಗುರುಬಸವರಾಜನ ಕಪಾಟಿನಲ್ಲಿ ಅವನ ಕನ್ನಡಕ, ಒಂದು ಪೆನ್ನು, ಒಂದು ಟೋಪಿ ಮಾತ್ರ ಕೂತವು.

ಇನ್ನು ತಮ್ಮ ಸರದಿ ಎಂದು ಜಂಬಣ್ಣ ರಟ್ಟುಗಳನ್ನೆಲ್ಲ ಕೊಟ್ಟು ಬಂದರು. ಕೆಲವೇ ದಿನಕ್ಕೆ ಪುಷ್ಪಲತಾ ಅವನ್ನು ಹೊತ್ತುಕೊಂಡು ವಾಪಸು ಬಂದಳು.

“ಸರ್, ಬೇಜಾರಾಗಬ್ಯಾಡ್ರಿ. ‘ಇದು ಶುದ್ಧ ಸುಳ್ಳು’ ಅಂತ ಬರದೀರಿ. ಯಾವ್ದು ಸುಳ್ಳು? ‘ಅವರ ಎರಡನೇ ಆಧಾರಕ್ಕೆ ಕಾಲಿಲ್ಲ’ ಅಂತೀರಿ. ಯಾವ ಆಧಾರ? ಪುಟಪುಟದಾಗೂ ಹಿಂಗ ಐತಿ. ಬರೇ ಉತ್ತರ ಅದಾವ, ಪ್ರಶ್ನಿನ ಇಲ್ಲ. ಇದನ್ನ ಇಟ್ರ ಯಾರಿಗೆ ಏನ್ ತಿಳಿತೈತ್ರಿ?”

ಜಂಬಣ್ಣ ರಟ್ಟು ಬಿಡಿಸಿ ನೋಡಿದರು. ಮೂವತ್ತು ವರ್ಷದಲ್ಲಿ ಮರುಳಯ್ಯನ ಬಗ್ಗೆ ತಾವಾಗಿ ಒಂದು ಸಾಲನ್ನೂ ಬರೆದಿರಲಿಲ್ಲ. ಬರೆದದ್ದೆಲ್ಲ ಗುರುಬಸವರಾಜನ ಮೇಲೆ.

“ಅವ್ರು ಏನಂದಿದ್ರು ಅಂತ ನಿಮಗ ನೆನಪಿದ್ರ ಬರಕೊಡ್ರಿ ಸರ್,” ಎಂದಳು ಪುಷ್ಪಲತಾ. “ಅದಿಲ್ದ ನಿಮ್ಮ ಕಪಾಟು ತೆರಿಯಾಕ ಆಗಂಗಿಲ್ಲ.”

ನೆನಪಿಗೇನು ಕಡಿಮೆ? ದ್ವೇಷಿಸಿದವನ ಮಾತು ಕಂಠಪಾಠವಾಗಿರುತ್ತದೆ. ಮೊದಲು ಬೇಕೆಂದೇ ಬಡಕಲು ವಾದ ಬರೆದರು, ತಮ್ಮ ಉತ್ತರ ಮೆರೆಯಲೆಂದು. ಹಾಗೆ ಬರೆದರೆ ತಮ್ಮ ಖಂಡನೆಗಳು ಸತ್ತ ಹಾವನ್ನು ಹೊಡೆದಂತೆ ಕಂಡವು. ಹರಿದು ಹಾಕಿ ಗಟ್ಟಿಯಾಗಿ ಬರೆದರು. ಬರೆಯುತ್ತ ಬರೆಯುತ್ತ ಅಂಬಿಗರ ಹಾಡು, ಮುದುಕಿಯರ ಮಾತು, ಒಲೆಗೆ ಹಾಕಿದ್ದೆಲ್ಲ ಸಾಲುಸಾಲಾಗಿ ಎದ್ದು ಬಂದವು. ಜಂಬಣ್ಣನಿಗೆ ಮರುಳಯ್ಯನ ಪದದ ಅರ್ಥವೇ ಆಗಿಲ್ಲ ಎಂಬ ಅವನ ಮಾತನ್ನೂ ತಮ್ಮ ಕೈಯಿಂದಲೇ ಬರೆದರು. ಅದಕ್ಕೊಂದು ಉತ್ತರ ಹೊಳೆದೀತೇ ಎಂದು ಪೆನ್ನು ಹಿಡಿದು ಕಾದರು. ಹೊಳೆಯಲಿಲ್ಲ.

ಬರೆದದ್ದನ್ನೂ ರಟ್ಟುಗಳನ್ನೂ ಕೊಟ್ಟೂರಿಗೆ ಒಯ್ದು ಕೊಟ್ಟ ದಿನ ಶಿವಬಸಮ್ಮನೂ ಬಂದಿದ್ದಳು. ಪುಷ್ಪಲತಾ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ಮುಗಿಸಿದಳು.

“ಸರ್, ಅವ್ರ ವಾದ ಓದಿದ ಮ್ಯಾಲೆ ನಿಮ್ಮ ಉತ್ತರ ಯಾಕೋ ಸಪ್ಪಗ ಅನಸ್ತಾವ್ರಿ. ಬ್ಯಾರೆ ಕಪಾಟು ಕೊಡ್ರಿ ಅಂತ ಟ್ರಸ್ಟಿನವ್ರಿಗೆ ಹೆಂಗ ಹೇಳ್ಲಿ? ಅವ್ರ ಕಪಾಟಿನಾಗ ಕೆಳಗಿನ ಅರಿಯಾಗ ಜಾಗ ಐತಿ. ಅಲ್ಲೆ ಇಡತೀನ್ರಿ.”

ಮೇಲಿನ ಅರೆಯಲ್ಲಿ ಗುರುಬಸವರಾಜನ ಹೆಸರಿನ ಕೆಳಗೆ ಜಂಬಣ್ಣನ ಕೈಬರಹ ಕೂತಿತು. ರಟ್ಟುಗಳು ನೆಲಕ್ಕೆ ಹತ್ತಿದ ಅರೆಗೆ ಹೋದವು. ಶಿವಬಸಮ್ಮ ಗಾಜಿನ ಮೇಲೆ ಕೈಯಿಟ್ಟು ಅತ್ತಳು, ಅಳುತ್ತಲೇ ನಕ್ಕಳು. ಬಗ್ಗಿ ಜಂಬಣ್ಣನ ಕಾಲು ಮುಟ್ಟಿದಳು.

“ನಾ ಕೊಂದಿದ್ನಿ, ನೀವು ಬದುಕಿಸಿದ್ರಿ ಅಣ್ಣಾರ,” ಎಂದಳು.

ಜಂಬಣ್ಣ ಕಾಲು ಹಿಂದೆಗೆಯಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ.