ನನ್ನದೇ ರಕ್ತ, ನನ್ನದೇ ಮೊಣಕಾಲು

ಹಳದಿ, ಕುಸುಬಿ ಎಣ್ಣೆಯ ಹಾಗೆ ತಿಳಿ ಹಳದಿ, ತುಸು ಮುಂಚೆ ನನ್ನ ತೋಳಿನಿಂದ ತೆಗೆದಾಗ ಕಡುಗೆಂಪಾಗಿತ್ತು, ಯಂತ್ರದೊಳಗಿಟ್ಟು ಗರಗರ ತಿರುಗಿಸಿದರು, ಈಗ ಸಿರಿಂಜಿನಲ್ಲಿ ಇಷ್ಟೇ ಇಷ್ಟು — ನಿಮ್ಮ ರಕ್ತದ್ದ ಸಾರ ರೀ ಇದು ರತ್ನವ್ವ, ಹೊಸದಾಗಿ ಬಂದೈತಿ, ನಿಮ್ಮ ಮೊಣಕಾಲ ಸವಕಳಿ ಇನ್ನೂ ಸುರುವಿನ್ಯಾಗ ಐತಿ, ಹಾಕಿ ನೋಡೂಣು, ಎಂದರು ಡಾಕ್ಟರು, ನೋಡೂಣು ಅಂದರೆ ಏನು, ವಾಸಿಯಾಗುತ್ತದೆ ಅಂತಲೋ ಇಲ್ಲ ಅಂತಲೋ, ಕೇಳಲು ಬಾಯಿ ತೆರೆದೆ, ನಮ್ಮ ಮನೆಯವರು ಭುಜ ಒತ್ತಿದರು, ಸುಮ್ಮನ ಮಲಕೋ, ಅವರಿಗೆ ಗೊತ್ತಿರತೈತಿ. ಬಾಗಲಕೋಟೆಯ ಈ ದವಾಖಾನೆಯ ಮಂಚ ತಣ್ಣಗಿದೆ, ಸೀರೆ ಮೊಣಕಾಲಿನ ಮೇಲಕ್ಕೆ ಸರಿಸಿದ್ದಾರೆ, ಪರಗಂಡಸರ ಮುಂದೆ ಹೀಗೆ ಕಾಲು ಚಾಚಿ — ಮದುವೆಯಾಗಿ ಇಳಕಲ್ಲಿಗೆ ಬಂದಾಗಿನಿಂದ ಈ ಕಾಲನ್ನು ಯಾರು ನೋಡಿದ್ದಾರೆ, ಅದು ಕುಣಿ ಮಗ್ಗದೊಳಗೇ ಇತ್ತು, ನೆಲದ ಗುಂಡಿಯಲ್ಲಿ ಇಳಿಬಿಟ್ಟು ಕೂತು ಹಲಗೆ ತುಳಿದದ್ದೇ ತುಳಿದದ್ದು, ಮೇಲೆ ಸೀರೆಗೆ ಸೆರಗು ಬಂತು, ಜನ ನೋಡಿದ್ದು ಅದನ್ನು.

ಚುಚ್ಚಿದರು, ಒಳಗೆ ಏನೋ ತುಂಬುತ್ತಿದೆ, ಬಿಗಿಯುತ್ತಿದೆ, ತಡಕೋರಿ, ತಡೆದುಕೊಳ್ಳುತ್ತೇನೆ, ಸೋಮವಾರದ ಹೊತ್ತಿಗೆ ನೆಟ್ಟಗಾದರೆ ಸಾಕು, ಸೋಮವಾರದೊಳಗ ಬರಲಿಲ್ಲಂದ್ರ ಹೆಸರು ತಗೀತೇವಿ ಎಂದಿದ್ದಾರೆ ಚೇತನಾಳ ಕಾಲೇಜಿನವರು, ದೀಪಾವಳಿಯಿಂದ ನನ್ನ ಮಗಳು ಅತ್ತ ಹೋಗಿಲ್ಲ, ನಿನ್ನ ಕಾಲು ಆರಾಮ ಆಗೂತನಾ ಮಗ್ಗಕ್ಕ ನಾ ಕುಂದರತೇನಿ ಅವ್ವಾ, ಬ್ಯಾಡ ಎಂದೆ, ಯಾರದೋ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು, ನನ್ನ ಬ್ಯಾಡ ಯಾರಿಗೆ ಕೇಳಿಸಬೇಕು, ಆಮೇಲೆ ಇನ್ನೊಂದು ಸೀರೆ, ಮತ್ತೊಂದು — ಡಾಕ್ಟ್ರ, ಸೋಮವಾರಕ್ಕ ಮಗ್ಗಕ್ಕ ಕುಂದರಬಹುದೇನ್ರಿ, ಯಾವ ಸೋಮವಾರ ರತ್ನವ್ವ, ಗುಣ ಕಾಣಾಕ ತಿಂಗಳ ಮ್ಯಾಲೆ ಬೇಕು, ಕೆಲವರಿಗೆ ಕಾಣೂದೂ ಇಲ್ಲ, ಸುಳ್ಳು ಹೇಳಾಂಗಿಲ್ಲ ನಾ, ಕುಣಿಯೊಳಗ ಮಾತ್ರ ಇಳೀಬ್ಯಾಡ್ರಿ, ಮನೆಯವರು ಹೂಂ ಎಂದರು, ಅವರು ಎಲ್ಲಕ್ಕೂ ಹೂಂ.

ಇಳಿದಿದ್ದೆನಲ್ಲ, ಇವತ್ತು ಬೆಳಿಗ್ಗೆಯೇ, ಚೇತನಾ ನೀರಿಗೆ ಹೋದಾಗ, ತುಳಿದು ತೋರಿಸಿದರೆ ತಾನಾಗಿ ಕಾಲೇಜಿಗೆ ಹೊರಟಾಳು ಎಂದು, ಇಳಿದದ್ದಷ್ಟೇ, ಮಡಚಿದ ಮೊಣಕಾಲು ಬಿಚ್ಚಲಿಲ್ಲ, ಹತ್ತಲಾರದೆ ಕುಣಿಯ ಅಂಚು ಹಿಡಿದು ಕೂತಿದ್ದೆ, ಕೊಡ ಇಳಿಸಿ ಬಂದವಳು ಕಂಕುಳಿಗೆ ಕೈ ಹಾಕಿ ಎತ್ತಿದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬಾಗಲಕೋಟಿ ಬಸ್ಸಿಗೆ ತಡಾ ಆಗತೈತಿ ಹೋಗು ಎಂದಳು, ಹಲಗೆಯ ಹಗ್ಗಕ್ಕೆ ಸಿಗುತ್ತದೆಂದು ಕಾಲ್ಚೈನು ಬಿಚ್ಚಿ ಪಕ್ಕಕ್ಕಿಟ್ಟು ನಾನೆದ್ದ ಜಾಗದಲ್ಲೇ ಕೂತಳು, ಬಗ್ಗಿ ನೋಡಿದೆ, ಚೈನಿದ್ದಲ್ಲಿ ಬಿಳಿ ಗೆರೆ — ಮುಗೀತು ರತ್ನವ್ವ, ಕಾಲು ಸಡಿಲ ಬಿಡ್ರಿ, ಹೇಗೆ ಬಿಡಲಿ, ಕುಣಿಯ ಕತ್ತಲಲ್ಲಿ ಅವಳ ಬರಿಗಾಲು ಹಲಗೆ ಹುಡುಕುತ್ತಿತ್ತು, ಸಿಕ್ಕಿತು, ಒತ್ತಿತು, ಬಿಳಿ ಗೆರೆ ಕೆಳಗೆ ಹೋಯಿತು, ಮೇಲೆ ಬಂತು, ಬಿಳಿ ಗೆರೆ, ಕೆಳಗೆ —