ಸ್ವಂತ ಕೆಲಸ

ಶಹಜಾದಿ ಬರೆದ ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಟೈಪು ಮಾಡುವ ಮೊದಲು ಅದನ್ನು ಮೂರು ಸಲ ಓದಿದ್ದಳು, ಟೈಪಾದ ಮೇಲೆ ಇನ್ನೆರಡು ಸಲ. ಕಾಗುಣಿತ, ತಾರೀಖು, ಸಿಪಾಯಿಯ ನಂಬರು ಎಲ್ಲ ಸರಿಯಾಗಿದ್ದವು. ಓದಿದವರಿಗೆ ಮುಜುಗರವಾಗುವಂಥ ಒಂದು ಶಬ್ದವೂ ಅದರಲ್ಲಿರಲಿಲ್ಲ.

ಅದು ೧೯೭೩ರ ಫೆಬ್ರುವರಿ. ಮಾಜಿ ಸೈನಿಕರ ಉಚಿತ ಕಾನೂನು ಸಹಾಯ ಸಂಘ ವಿಜಾಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯಲ್ಲಿತ್ತು. ಅದನ್ನು ಕಟ್ಟಿದವರು ಶಹಜಾದಿಯ ತಂದೆ, ಸುಬೇದಾರ ಕುತುಬುದ್ದೀನ. ಅವರು ತೀರಿಕೊಂಡು ನಲವತ್ತು ದಿನ ಕಳೆಯುತ್ತಲೇ ಮೀಸೆ ಬೆಳ್ಳಗಾದ ಹಳೆಯ ಸಿಪಾಯಿಗಳೆಲ್ಲ ಮನೆಗೆ ಬಂದು ಅವಳನ್ನೇ ಅಧ್ಯಕ್ಷೆ ಮಾಡಿದರು. ತಾನು ಇನ್ನೂ ಸಣ್ಣವಳು, ಕೋರ್ಟಿನಲ್ಲಿ ನಿಂತು ಮಾತಾಡಿದವಳಲ್ಲ ಎಂದು ಅವಳು ಹೇಳಿ ನೋಡಿದಳು.

"ಮಾತಾಡಾಕ ಯಾಕೂಬ ವಕೀಲರ ಅದಾರಲ್ರಿ ಬಾಯಾರ," ಎಂದ ಒಬ್ಬ ಹವಾಲ್ದಾರ. "ನೀವು ಧಾರವಾಡದಾಗ ಕಾಯ್ದೆ ಓದೀರಿ, ಇಂಗ್ರೇಜಿ ಬರೀತೀರಿ. ನಮಗ ಇಂಗ್ರೇಜಿ ಅಂದ್ರ ಬೈಗಳಷ್ಟ ಬರತಾವು. ಅವನ್ನ ಬರದ ಕಳಿಸಿದ್ರ ಇದ್ದ ಪೆನ್ಶನ್ನೂ ಹೊಕ್ಕೈತಿ."

ಎಲ್ಲರೂ ನಕ್ಕರು. ಶಹಜಾದಿಯೂ ನಕ್ಕಳು. ಆದರೆ ಅಂದಿನಿಂದ ಅವಳಿಗೆ ಪ್ರತಿ ಕಾಗದವೂ ಒಂದು ಭಯವಾಯಿತು. ಲಕೋಟೆ ಅಂಟಿಸಿದ ಮೇಲೂ ಬಿಚ್ಚಿ ನೋಡುವಳು. ಅಂಚೆಯ ಡಬ್ಬಿಗೆ ಹಾಕಿದ ಮೇಲೂ ಡಬ್ಬಿಯ ಬಾಯಿಗೆ ಕೈಯಿಟ್ಟು, ಕಾಗದ ಒಳಗೆ ಬಿದ್ದಿದೆಯೋ ಇಲ್ಲವೋ ಎಂದು ಸವರಿ ನೋಡುವಳು.

ಅಧ್ಯಕ್ಷೆಯಾಗಿ ಅವಳು ಬರೆದುಕೊಂಡ ಮೊದಲ ಹೇಳಿಕೆ ಬಬಲೇಶ್ವರದ ಖಂಡಪ್ಪನದು. ಮೂವತ್ತು ವರ್ಷದ ಸಿಪಾಯಿ. ಎಡಗಾಲು ಮೊಳಕಾಲಿನ ಕೆಳಗೆ ಇರಲಿಲ್ಲ. ಪುಣೆಯ ಆಸ್ಪತ್ರೆಯಲ್ಲಿ ಕಟ್ಟಿಗೆಯ ಕಾಲು ಕೊಟ್ಟಿದ್ದರು. ಅವನ ದಾಖಲೆಯಲ್ಲಿ ನೆಲಬಾಂಬು ಸಿಡಿದು ಗಾಯ ಎಂದಷ್ಟೇ ಇತ್ತು. ಎಲ್ಲಿ, ಏನು ಮಾಡುತ್ತಿದ್ದಾಗ ಎಂಬುದಿರಲಿಲ್ಲ. ಸೇವೆಯಲ್ಲಿದ್ದಾಗ ಆದ ಗಾಯವೇ ಎಂದು ಪ್ರಮಾಣ ಮಾಡಿ ಬರೆದುಕೊಟ್ಟರೆ ಅಂಗವಿಕಲ ಪಿಂಚಣಿ ವಿಚಾರ ಮಾಡುತ್ತೇವೆ ಎಂದು ಪಿಂಚಣಿ ಕಚೇರಿಯವರು ಕೇಳಿದ್ದರು.

"ಆವಾಗ ಹೊತ್ತು ಎಷ್ಟಾಗಿತ್ತು?" ಎಂದು ಶಹಜಾದಿ ಕೇಳಿದಳು.

"ಇನ್ನಾ ಬೆಳಕ ಹರದಿರಲಿಲ್ರಿ. ಲಡಾಯಿ ಮುಗದು ತಿಂಗಳಾಗಿತ್ತು. ನಾವಿನ್ನಾ ಅಲ್ಲೇ ಉಸುಕಿನಾಗ ಇದ್ವಿ, ಗೆದ್ದ ಜಾಗಾದಾಗ."

"ಪಹರೆ ಮ್ಯಾಲ ಇದ್ರೇನು?"

"ಪಹರೆ ಮುಗಿಸಿ ಬಂದಿದ್ನಿ. ಬಂದು…" ಖಂಡಪ್ಪ ತಲೆ ತಗ್ಗಿಸಿದ. "ಹೊರಕಡಿಗಿ ಹೋಗಿದ್ನಿರಿ."

ಬೆಳಗಾಗೆದ್ದು ತಂಬಿಗೆ ಹಿಡಿದು ಹೋಗುವುದಕ್ಕೆ ಆ ಸೀಮೆಯವರೆಲ್ಲ ಅನ್ನುವುದೇ ಹಾಗೆ. ಶಹಜಾದಿಗೆ ತಿಳಿಯಿತು. ಅವಳೂ ಕಣ್ಣು ಕೆಳಗೆ ಮಾಡಿದಳು.

"ಕ್ಯಾಂಪಿನೊಳಗ ಅದಕ್ಕಂತನ ತೆಗ್ಗ ತಗದಿದ್ರು," ಎಂದು ಅವನು ನೆಲ ನೋಡುತ್ತಲೇ ಹೇಳಿದ. "ಇಲ್ಲಿ ಬಾಂಬ್ ಇಲ್ಲ ಅಂತ ಸುತ್ತಲೂ ಬಿಳಿ ಪಟ್ಟಿ ಕಟ್ಟಿದ್ರು. ನಾ ಪಟ್ಟಿ ಒಳಗ ಇದ್ನಿರಿ, ದೇವರಾಣಿ. ಒಂದ ಹೆಜ್ಜಿ ಆಚಿ ಇಟ್ಟಿಲ್ಲ. ಯಾವ ಸೂಳಿಮಗ ಹುಗದಿದ್ದನೋ… ತಪ್ಪಾತ್ರಿ ಬಾಯಾರ, ಬಾಯಿ ತಪ್ಪಿ ಬಂತು."

ಪೆನ್ನು ಹಿಡಿದು ಅವಳು ಬಹಳ ಹೊತ್ತು ಕೂತಳು. ಕಾಗದ ದೊಡ್ಡ ದೊಡ್ಡ ಅಧಿಕಾರಿಗಳ ಕೈಗೆ ಹೋಗುವುದು. ಕೆಳಗೆ, ಬರೆದುಕೊಂಡವರು ಎಂದು ಅವಳ ಹೆಸರು, ಸಂಘದ ಮೊಹರು. ತೆಗ್ಗು ಎಂದರೆ ಎಂಥ ತೆಗ್ಗು ಎಂದು ಬರೆಯಬೇಕಾಗುತ್ತದೆ. ಪಟ್ಟಿ ಎಂದರೆ ಯಾತರ ಪಟ್ಟಿ ಎಂದು ಬರೆಯಬೇಕಾಗುತ್ತದೆ. ಇಪ್ಪತ್ತೇಳು ವರ್ಷದ, ಮದುವೆಯಾಗದ ಹೆಣ್ಣುಮಗಳು ತನ್ನ ಕೈಯಿಂದ ಆ ಶಬ್ದ ಬರೆದಳು ಎಂದಾಗುತ್ತದೆ. ಅವಳು ತೆಗ್ಗನ್ನೂ ಪಟ್ಟಿಯನ್ನೂ ಬಿಟ್ಟಳು. ಇಂಗ್ಲಿಷಿನಲ್ಲಿ ಒಂದು ಸಭ್ಯವಾದ ವಾಕ್ಯ ಬರೆದು ಕನ್ನಡದಲ್ಲಿ ಓದಿ ಹೇಳಿದಳು: ಬೆಳಗಿನ ಜಾವ ಸ್ವಂತ ಕೆಲಸದ ನಿಮಿತ್ತ ಹೊರಗೆ ಹೋಗಿದ್ದಾಗ ನೆಲಬಾಂಬು ಸಿಡಿದು ಕಾಲು ಹೋಯಿತು.

"ಸ್ವಂತ ಕೆಲಸ!" ಖಂಡಪ್ಪನ ಮುಖ ಅರಳಿತು. "ಭಾಳ ಚಲೋ ಆತ್ರಿ. ಖರೇನ ಸ್ವಂತದ್ದ ಅದು, ಮತ್ತೊಬ್ಬರ ಮಾಡಾಕ ಬರೂದಿಲ್ಲ." ತನ್ನ ಮಾತಿಗೆ ತಾನೇ ನಾಚಿದ. "ನನ್ನ ಮರ್ಯಾದಿ ಉಳಿಸಿದ್ರಿ ಬಾಯಾರ. ಸಾಹೇಬ್ರ ಮುಂದ ಹೆಂಗ ಹೇಳ್ಬೇಕು ಅಂತ ಒದ್ದಾಡಾಕತ್ತಿದ್ನಿ."

ಟೈಪಾದ ಮೇಲೆ, ತನಗೆ ಓದಲು ಬಾರದ ಇಂಗ್ಲಿಷಿನ ಕೆಳಗೆ ಸಂತೋಷದಿಂದ ಸಹಿ ಮಾಡಿ ಹೋದ.

ಎಂಟು ತಿಂಗಳ ಮೇಲೆ, ಶಹಜಾದಿ ಕಚೇರಿಯ ಬೀಗ ತೆಗೆಯುವಾಗಲೇ ಒಬ್ಬ ಹೆಂಗಸು ಕಟ್ಟೆಯ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು.

"ಇಲ್ಲಿ ದೊಡ್ಡಾಕಿ ಯಾರು?"

"ನಾನ. ಒಳಗ ಬರ್ರಿ, ಕೂಡ್ರಿ."

"ಕೂಡಾಕ ಬಂದಿಲ್ಲ. ನಾ ಖಂಡಪ್ಪನ ಹೇಣ್ತಿ, ಮಲಕವ್ವ. ನನ್ನ ಗಂಡ ಎಂಥಾ ಸ್ವಂತ ಕೆಲಸಕ್ಕ ಹೋಗಿದ್ದ? ಕೇಳಿದ್ರ ಅವ ಹೇಳವಲ್ಲ, ನೀ ಅಷ್ಟ ಹೇಳ ಬೇ ಯವ್ವಾ. ಹೇಳಿದ್ರ ಹೊಕ್ಕೀನಿ."

ಸೆರಗಿನಿಂದ ಕಾಗದ ತೆಗೆದು ಕೊಟ್ಟಳು. ಪಿಂಚಣಿ ಕಚೇರಿಯ ಕಾಗದ ನೇರ ಬಬಲೇಶ್ವರಕ್ಕೇ ಹೋಗಿತ್ತು. ಅರ್ಜಿದಾರನು ತನ್ನ ಹೇಳಿಕೆಯ ಪ್ರಕಾರವೇ ಸ್ವಂತ ಕೆಲಸದ ಮೇಲೆ ಶಿಬಿರದ ಹೊರಗೆ ಹೋಗಿದ್ದನು, ಆದ್ದರಿಂದ ಗಾಯ ಸೇವೆಗೆ ಸಂಬಂಧಿಸಿದ್ದಲ್ಲ, ಪಿಂಚಣಿ ಇಲ್ಲ. ಶಿಬಿರದ ಎಂಬ ಮಾತನ್ನು ಶಹಜಾದಿ ಬರೆದಿರಲಿಲ್ಲ. ಆದರೆ ಹೊರಗೆ ಎಂದರೆ ಯಾವುದರ ಹೊರಗೆ ಎಂದು ಅವರಾದರೂ ಏನು ತಿಳಿದಾರು?

"ಗಂಡಸ್ರ ಕೂಡೂ ಹೊಟೇಲ ಐತಲ್ಲ, ಅಲ್ಲಿ ಶಾಂತಪ್ಪ ಮಾಸ್ತರ ಇದನ್ನ ಎಲ್ಲಾರ ಮುಂದ ಓದ್ಯಾನ," ಎಂದಳು ಮಲಕವ್ವ. "ಆ ಕಡೆ ಜನಾ ಮನಿ ಮಾರಾ ಬಿಟ್ಟು ಓಡಿಹೋಗಿದ್ರಂತ. ಖಂಡಪ್ಪ ಖಾಲಿ ಮನ್ಯಾಗ ಬಂಗಾರ ಹುಡುಕಾಕ ಹೋಗಿದ್ನಂತ. ನಿನ್ನಿ ಆ ಮಾಸ್ತರ ನನ್ನ ಕೇಳ್ತಾನ, 'ಮಲಕವ್ವಾ, ಕಾಲ ಹೋತು ಖರೆ, ಕೈಗೆ ಪಾಟ್ಲಿ ಎಷ್ಟ ತೊಲಿವು ಬಂದಾವ?' ಅಂತ. ನೋಡ ಬೇ, ನೋಡು!" ಎಂದು ಗಾಜಿನ ಬಳೆಯ ಕೈಗಳನ್ನು ಶಹಜಾದಿಯ ಮುಖದ ಮುಂದೆ ಹಿಡಿದಳು. "ಎಷ್ಟ ತೊಲಿವು ಅದಾವ ಹೇಳು."

"ತಪ್ಪು ನಿಮ್ಮವರದಲ್ಲ," ಎಂದಳು ಶಹಜಾದಿ. "ಬರೀವಾಗ ಆದದ್ದು. ಅಪೀಲು ಮಾಡಾಕ ಬರತೈತಿ. ಆರು ತಿಂಗಳ ಟೈಮ್ ಐತಿ. ನಾ ಸರಿಮಾಡ್ತೀನಿ."

"ಕೇಳಿದ್ದನ್ನ ನೀನೂ ಹೇಳವಲ್ಲಿ. ಸರಿಮಾಡು," ಎಂದಳು ಮಲಕವ್ವ. ನೀರು ಕೊಟ್ಟರೂ ಕುಡಿಯದೆ ಹೋದಳು.

ಅಂದೇ ಶಹಜಾದಿ ಒಂದು ಅಫಿಡವಿಟ್ ಬರೆದಳು. ಖಂಡಪ್ಪ ಹೇಳಿದ್ದು ಇದು, ನಾಚಿಕೆಯಿಂದ ನಾನು ಬರೆದದ್ದು ಅದು, ತಪ್ಪು ನನ್ನದು. ತೆಗ್ಗು, ಬಿಳಿ ಪಟ್ಟಿ ಎಲ್ಲವೂ ಅದರಲ್ಲಿತ್ತು. ಸಹಿ ಮಾತ್ರ ಮಾಡದೆ ಯಾಕೂಬ ವಕೀಲರಿಗೆ ತೋರಿಸಿದಳು. ಅವರು ಅವಳ ತಂದೆಯ ಗೆಳೆಯರು. ಸಂಘದ ಕೋರ್ಟು ಕೆಲಸವನ್ನೆಲ್ಲ ಪುಕ್ಕಟೆ ಮಾಡುತ್ತಿದ್ದರು.

ಎರಡು ಸಲ ಓದಿ ಕನ್ನಡಕ ತೆಗೆದರು. "ಬೇಟಿ, ಸಂಘದ ಎಷ್ಟು ಅರ್ಜಿ ಅವರ ಟೇಬಲ್ ಮ್ಯಾಲ ಅದಾವ?"

"ಇಪ್ಪತ್ತಮೂರು, ಚಾಚಾ."

"ಎಲ್ಲಾದರ ಕೆಳಗೂ ನಿನ್ನ ಸಹಿ. ಒಂದರಾಗ ನೀನ ಆಣಿ ಮಾಡಿ, ಅವ ಹೇಳಿದ್ದೊಂದು ನಾ ಬರದದ್ದೊಂದು ಅಂತಿ. ಉಳಿದ ಇಪ್ಪತ್ತೆರಡು ಯಾರ ನಂಬತಾರ? ನಾ ಆ ಕುರ್ಚಿಯೊಳಗ ಇದ್ರ ನಂಬೂದಿಲ್ಲ."

"ಹಂಗಾದ್ರ ಖಂಡಪ್ಪ?"

"ಭಾಷಾಂತರದಾಗ ಲೋಪ ಆಗೇತಿ ಅಂತ ಬರಿ. ಯಾರು ಏನು ಅನ್ನೂದು ಬ್ಯಾಡ. ಒಬ್ಬನ ಸಂಬಂಧ ಇಪ್ಪತ್ತೆರಡ ಮಂದಿ ಹೊಟ್ಟಿ ಮ್ಯಾಲ ಹೊಡಿಯಾಕ ಬರೂದಿಲ್ಲ. ನೀ ಈಗ ಬರೇ ಶಹಜಾದಿ ಅಲ್ಲ."

ವಕೀಲರ ಮಾತು ಸುಳ್ಳಲ್ಲ. ಅದರಲ್ಲಿ ಸಂಘದ ಕಾಳಜಿ ಇತ್ತು. ಆದರೆ ಆ ಮಾತು ಕೇಳುತ್ತಲೇ ತನ್ನ ಎದೆ ಹಗುರಾದದ್ದು ಶಹಜಾದಿಗೆ ಗೊತ್ತಾಯಿತು. ಇಪ್ಪತ್ತೆರಡು ಮಂದಿಗಾಗಿ ಹಗುರಾದದ್ದಲ್ಲ ಅದು. ಆ ಶಬ್ದದ ಕೆಳಗೆ ತನ್ನ ಹೆಸರು ಬರುವುದು ತಪ್ಪಿತಲ್ಲ ಎಂದು. ಮುಂದೆ ಅವಳು ವಕೀಲರನ್ನು ಎಂದೂ ದೂರಲಿಲ್ಲ.

ಹೇಳಿಕೆಯ ಭಾಷಾಂತರದಲ್ಲಿ ಲೋಪ ಉಂಟಾಗಿರುವ ಸಂಭವವಿದೆ, ಅರ್ಜಿದಾರನು ಶಿಬಿರದ ಎಲ್ಲೆಯೊಳಗೇ ಇದ್ದನು ಎಂದು ಅಪೀಲು ಹೋಯಿತು. ಅಫಿಡವಿಟ್ ಮೇಜಿನ ಡ್ರಾದಲ್ಲಿ ಉಳಿಯಿತು. ವಾರಕ್ಕೊಮ್ಮೆ ಅದನ್ನು ತೆಗೆದು ಓದುವಳು. ಇನ್ನೂ ಹಿಂದಿನಿಂದ ಕಳಿಸಬಹುದು ಎನ್ನಿಸುವುದು. ಮುಂದಿನ ವಾರ ಎಂದು ಒಳಗಿಡುವಳು.

ಉತ್ತರ ಬಂದದ್ದು ೧೯೭೫ರ ಜನವರಿಯಲ್ಲಿ. ಯಾರು ಭಾಷಾಂತರಿಸಿದರು, ಏನು ಲೋಪ ಎಂಬುದನ್ನು ತಿಳಿಸಿಲ್ಲ. ಅರ್ಜಿ ತಿರಸ್ಕೃತವಾದ ಮೇಲೆ ಅರ್ಜಿದಾರನು ಮಾತು ಬದಲಿಸಿದ್ದಾನೆ. ಒಪ್ಪಲಾಗದು. ಇದೇ ಕೊನೆಯ ತೀರ್ಮಾನ; ಈ ವಿಷಯದಲ್ಲಿ ಇನ್ನು ಯಾವ ಕಾಗದವನ್ನೂ ನೋಡಲಾಗುವುದಿಲ್ಲ.

ಈ ಸಲ ಕಾಗದ ತನಗಿಂತ ಮೊದಲು ಹೋಗಿ ಮಾತಾಡಬಾರದು ಎಂದು ಅವಳೇ ಹೊರಟಳು. ಖಂಡಪ್ಪ ಊರು ಬಿಟ್ಟು ವರ್ಷವಾಗಿತ್ತು. ಹೊಟೇಲಿನ ಮುಂದೆ ದಿನವೂ ಹಾದುಹೋಗುವುದು ಆಗದೆ ಗಂಡ ಹೆಂಡತಿ ತಿಕೋಟಾಕ್ಕೆ ಬಂದು ಗೈಬುಸಾಬರ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕೆ ನಿಂತಿದ್ದರು. ಅವಳು ಹೋದಾಗ ಖಂಡಪ್ಪ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದ. ನೀರು ಬಿಟ್ಟ ಮಣ್ಣಿನಲ್ಲಿ ಕಟ್ಟಿಗೆಯ ಕಾಲು ಹುಗಿಯುತ್ತಿತ್ತು. ಪ್ರತಿ ಹೆಜ್ಜೆಗೂ ಅದನ್ನು ಎರಡೂ ಕೈಯಿಂದ ಕೀಳುತ್ತಿದ್ದ.

"ಬಾಯಾರ! ಇಷ್ಟ ದೂರ ಬಂದ್ರಿ? ಹೇಳಿ ಕಳಿಸಿದ್ರ ನಾನ ಬರತಿದ್ನಲ್ಲಾ."

ಅವಳು ಕಾಗದದ ಸಂಗತಿ ಹೇಳಿದಳು. ಪಹರೆ, ತೆಗ್ಗು, ಪಟ್ಟಿ ಎಲ್ಲ ಸೇರಿಸಿ ಅಫಿಡವಿಟ್ ಬರೆದದ್ದನ್ನೂ, ಕಳಿಸದೆ ಇಟ್ಟುಕೊಂಡದ್ದನ್ನೂ ಹೇಳಿದಳು. ಖಂಡಪ್ಪ ಕವಣೆಯ ಹುರಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದ.

"ಹೋಗ್ಲಿ ಬಿಡ್ರಿ," ಎಂದ ಕೊನೆಗೆ. "ನೀವು ಓದಿ ಹೇಳಿದಾಗ ನಾನೂ ಖುಷಿ ಆಗಿದ್ನಿ. ನನಗೂ ಅಷ್ಟ ನಾಚಿಕಿ ಇತ್ತು."

ಅವನು ಬೈದಿದ್ದರೆ ಚೆನ್ನಾಗಿತ್ತು. ಬಳ್ಳಿಯ ಸಾಲಿನ ಆಚೆಯಿಂದ ಮಲಕವ್ವ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಇಬ್ಬರೂ ನಾಚಿಕೊಂಡ ಕೂತೀರಿ. ನಾ ಏನ ಮಾಡ್ಲಿ?" ಗಂಡನ ಕಡೆ ನೋಡಲಿಲ್ಲ. "ಸರಕಾರದ ಮಾತ ಮುಗೀತು, ತಿಳೀತು ನನಗ. ನಮ್ಮೂರಾಗರ ಬಂದು ಹೇಳ್ತಿ? ಹೊಟೇಲ ಮುಂದ ನಿಂತು, ಶಾಂತಪ್ಪನ ಮಾರಿ ಮ್ಯಾಲ? ಈಗ ಬಸ್ ಐತಿ."

"ಬರ್ತೀನಿ," ಎಂದಳು ಶಹಜಾದಿ.

"ಬ್ಯಾಡ್ರಿ ಬಾಯಾರ, ಗಂಡಸ್ರ ಕೂಡೂ ಜಾಗಾ," ಎಂದ ಖಂಡಪ್ಪ.

"ನೀ ಹಕ್ಕಿ ಕಾಯಿ," ಎಂದಳು ಮಲಕವ್ವ.

ಬಸ್ಸಿನಲ್ಲಿ ಶಹಜಾದಿ ಮನಸ್ಸಿನಲ್ಲೇ ವಾಕ್ಯ ಜೋಡಿಸಿದಳು, ಅಳಿಸಿದಳು, ಮತ್ತೆ ಜೋಡಿಸಿದಳು. ಬಬಲೇಶ್ವರದ ಹೊಟೇಲಿನ ಮುಂದಿನ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಇದ್ದರು. ನಡುವೆ ಶಾಂತಪ್ಪ ಮಾಸ್ತರ. ಮಲಕವ್ವನ ಜೊತೆ ಬಂದ ಓದಿದ ಹೆಣ್ಣುಮಗಳನ್ನು ಕಂಡು ಎಲ್ಲರೂ ಇತ್ತ ತಿರುಗಿದರು.

"ನಾನು ವಿಜಾಪುರದ ಸಂಘದ ಅಧ್ಯಕ್ಷೆ," ಎಂದಳು. ದನಿ ತನ್ನದಲ್ಲ ಎನ್ನುವಂತೆ ಕೇಳಿತು. "ಖಂಡಪ್ಪನವರ ಬಗ್ಗೆ ತಪ್ಪು ತಿಳುವಳಿಕೆ ಆಗೇತಿ. ಕಾಗದದಾಗ ಇದ್ದದ್ದು ಖರೆ ಅಲ್ಲ. ಅವರು ಕ್ಯಾಂಪ್ ಬಿಟ್ಟು ಹೋಗಿರಲಿಲ್ಲ. ಅವತ್ತು ಅವರು… ದೇಹಧರ್ಮದ ಕಾರಣಕ್ಕ…"

"ಅಂದ್ರ?" ಎಂದ ಒಬ್ಬ.

"ಮೈಯಾಗ ಆರಾಮ ಇರಲಿಲ್ಲ ಅಂತ ಕಾಣ್ತೈತಿ," ಎಂದ ಮತ್ತೊಬ್ಬ.

"ಧರ್ಮದ ಕೆಲಸ ಅನ್ನಾಕತ್ತಾರಲೇ. ಪೂಜಾ ಗೀಜಾ ಇರಬೇಕು."

ಶಹಜಾದಿ ಬಾಯಿ ತೆರೆದಳು. ಹನ್ನೆರಡು ಜೋಡಿ ಕಣ್ಣು ಅವಳ ಮೇಲಿದ್ದವು. ಮಲಕವ್ವ ಅವಳನ್ನೇ ನೋಡುತ್ತ ಒಂದಷ್ಟು ಹೊತ್ತು ಕಾದಳು. ಆಮೇಲೆ ಕಾಯಲಿಲ್ಲ.

"ಹೇಲಾಕ ಹೋಗಿದ್ದನೋ ನನ್ನ ಗಂಡ!" ಎಂದಳು. "ಪಹರೆ ಮುಗಿಸಿ, ಕ್ಯಾಂಪಿನೊಳಗ, ಸರಕಾರದವರ ತಗದ ತೆಗ್ಗಿಗೆ ಹೋಗಿದ್ದ! ಅದನ್ನ ಬರಿಯಾಕ ಈ ಬಾಯಾರಿಗೆ ನಾಚಿಕಿ ಆತು, ಹೇಳಾಕ ಅವಗ ನಾಚಿಕಿ ಆತು. ನಿಮಗ ಬಂಗಾರ ಕಂಡ್ತು. ನೀವ್ಯಾರೂ ಹೋಗೂದಿಲ್ಲೇನೋ ಮುಂಜಾನಿ?"

ಒಬ್ಬ ಕಿಸಕ್ಕನೆ ನಕ್ಕ. ಪಕ್ಕದವನು ಅವನ ಬೆನ್ನಿಗೆ ಗುದ್ದಿದ. ಆಮೇಲೆ ಯಾರೂ ನಗಲಿಲ್ಲ.

ಶಾಂತಪ್ಪ ಮಾಸ್ತರ ಕಟ್ಟೆಯಿಂದ ಇಳಿದು ಬಂದ. "ಖರೇನ್ರಿ ಬಾಯಾರ?"

"ಖರೆ."

"ಹಂಗಾದ್ರ ಹಂಗ ಬರಿಯಾಕ ಏನಾಗಿತ್ರಿ? ಈಗರ ಬರದ ಕಳಿಸ್ರಿ."

"ಈಗ ತಗೊಳ್ಳೂದಿಲ್ಲ. ಅಪೀಲು ಒಂದ ಸಲ ಇತ್ತು. ಅದರಾಗೂ ನಾ ಬರೀಲಿಲ್ಲ."

ಮಾಸ್ತರ ಅವಳ ಮುಖ ನೋಡಿದ. ಮಲಕವ್ವನ ಕಡೆ ತಿರುಗಿ, "ತಂಗೀ, ಖಂಡಪ್ಪ ಎಲ್ಲಿ ಅದಾನ?" ಎಂದು ಕೇಳಿದ. "ನಾನ ಬಂದು ಅವನ್ನ ಊರಿಗೆ ಕರೀತೀನಿ. ನಾ ಆಡಿದ ಮಾತು, ನಾನ ಬರಬೇಕು."

"ಬರೂದಿದ್ರ ಬಾ. ಬಸ್ ನಿಂತೈತಿ. ನಂದು ಅರ್ಧಾ ದಿನದ ಕೂಲಿ ಹೋತು," ಎಂದಳು ಮಲಕವ್ವ. ಇಬ್ಬರೂ ತಿಕೋಟಾದ ಬಸ್ಸು ಹತ್ತಿದರು. ಹತ್ತುವಾಗ ಅವಳು ಹಿಂತಿರುಗಿ ನೋಡಲಿಲ್ಲ. ಬೇಕೆಂದೇ ಅಲ್ಲ, ಸೀಟು ಹಿಡಿಯುವ ಅವಸರದಲ್ಲಿದ್ದಳು.

ವಿಜಾಪುರದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಹೊಟೇಲಿನವನು ಒಳಗಿಂದ ಕುರ್ಚಿ ತಂದು ನೆರಳಿನಲ್ಲಿ ಹಾಕಿದ, ಕೇಳದೆಯೇ ಚಹಾ ತಂದುಕೊಟ್ಟ. ತುಸು ಹೊತ್ತು ಅಲ್ಲೇ ನಿಂತು ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡ.

"ಬಾಯಾರ, ನಮ್ಮ ಅಣ್ಣ ಮರೆಪ್ಪ ಅಂತ, ಅವನೂ ಮಿಲಿಟ್ರಿಯಾಗ ಇದ್ದಾಂವ. ಕಿವಿ ಹೋಗ್ಯಾವು. ನೀವು ಪುಕ್ಕಟ ಅರ್ಜಿ ಬರದ ಕೊಡ್ತೀರಂತಲ್ರಿ. ನಿಮ್ಮ ಕಡೆ ಕಳಿಸ್ಲೇನ್ರಿ?"

ಶಹಜಾದಿ ಬಟ್ಟಲನ್ನು ಕೆಳಗಿಟ್ಟಳು.

"ಕಳಿಸ್ರಿ," ಎಂದಳು. ಮತ್ತೆ, "ನನ್ನ ಕಡೆ ಬ್ಯಾಡ. ಬರದ ಕೊಡ್ರಿ ಅಂತ ಯಾಕೂಬ ವಕೀಲರನ್ನ ಕೇಳಾಕ ಹೇಳ್ರಿ," ಎಂದಳು.