ತಂಗಂಗೆ ಎರೆದ ನೀರು

ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಗಂಗಲಕ್ಷ್ಮಮ್ಮ ಮೆಟ್ಟೂರಿನ ಮಗನ ಮನೆಯ ಬೀಗ ತೆಗೆದು, ಚಪ್ಪಲಿ ಬಿಟ್ಟವಳೇ ನೇರವಾಗಿ ಗಾಜಿನ ತೊಟ್ಟಿಯ ಮುಂದೆ ಹೋಗಿ ನಿಂತಳು. ಬಸವನಹುಳು ಗಾಜಿಗೆ ಅಂಟಿಕೊಂಡಿರಲಿಲ್ಲ. ತಳದ ಮರಳಿನ ಮೇಲೆ ಅಂಗಾತ ಬಿದ್ದು, ಚಿಪ್ಪಿನ ಬಾಗಿಲನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು. ನಿನ್ನೆ ಮಧ್ಯಾಹ್ನ ಹಾಕಿದ್ದ ಸೌತೆಕಾಯಿಯ ಬಿಲ್ಲೆ ಹಾಕಿದ ಹಾಗೇ ಇತ್ತು.

ಬೆರಳಿನಿಂದ ಗಾಜನ್ನು ತಟ್ಟಿದಳು. ಅದು ಅಲ್ಲಾಡಲಿಲ್ಲ. ಕೈ ಇಳಿಬಿಟ್ಟು ಹುಳುವನ್ನು ನೆಟ್ಟಗೆ ಕೂರಿಸಿದಳು. ಮತ್ತೆ ಮಗುಚಿಕೊಂಡಿತು. ಮಗ ಸೊಸೆ ಕೊಡೈಕನಾಲಿನಿಂದ ಬರುವುದು ನಾಳೆ ಬೆಳಿಗ್ಗೆ.

ಒಂದು ನೆಲ್ಲಿಕಾಯಿ ಗಾತ್ರದ ಹುಳುವಿಗೆ ಇಷ್ಟು ಗಾಬರಿಯೇ ಎಂದು ಯಾರಾದರೂ ಕೇಳಬಹುದು. ಕೇಳುವವರ ಗಂಟೇನು ಹೋಗುತ್ತದೆ? ಗಂಗಲಕ್ಷ್ಮಮ್ಮ ಕೊಳತ್ತೂರಿನ ಕಡೆಯ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ, ಹೋದ ತಿಂಗಳಷ್ಟೇ ನಿವೃತ್ತಿಯಾಗಿದ್ದಳು. ಇತ್ತ ಸೊಸೆ ಅರ್ಚನಾಳ ಹೆರಿಗೆ ರಜೆ ಇನ್ನೆರಡು ವಾರಕ್ಕೆ ಮುಗಿಯುತ್ತಿತ್ತು. ಅವಳು ಲ್ಯಾಬಿನ ಕೆಲಸಕ್ಕೆ ಹೋದರೆ ಎಂಟು ತಿಂಗಳ ಮೊಮ್ಮಗಳು ಯಾರ ಹತ್ತಿರ ಇರಬೇಕು? ಒಂದೋ ಇವಳ ಹತ್ತಿರ, ಇಲ್ಲವೇ ಕಡಯಂಪಟ್ಟಿಯಲ್ಲಿರುವ ಅರ್ಚನಾಳ ತಾಯಿಯ ಹತ್ತಿರ. ಕಡಯಂಪಟ್ಟಿ ಎಂದಾದರೆ ಮಗು ಅಲ್ಲೇ ಉಳಿಯುತ್ತದೆ, ಅಪ್ಪ ಅಮ್ಮ ಶನಿವಾರ ಶನಿವಾರ ಹೋಗಿ ನೋಡುತ್ತಾರೆ, ಗಂಗಲಕ್ಷ್ಮಮ್ಮನಿಗೆ ತಿಂಗಳಿಗೊಮ್ಮೆ ಕಂಡರೆ ಅದೇ ದೊಡ್ಡದು. ಅರ್ಚನಾ ಇನ್ನೂ ಏನೂ ಹೇಳಿರಲಿಲ್ಲ. ಅವಳದು ಎಲ್ಲವನ್ನೂ ಅಳೆದು ತೂಗುವ ಸ್ವಭಾವ.

ಭಾನುವಾರ ಹೊರಡುವಾಗ ಮಗ ಶಂಕರ್ ಕಾರಿಗೆ ಚೀಲ ತುಂಬುತ್ತಾ ತಾಯಿಯನ್ನು ಪಕ್ಕಕ್ಕೆ ಕರೆದಿದ್ದ.

"ಅಮ್ಮ, ನತ್ತೆನ ವಸಿ ಜೋಪಾನವಾಗಿ ನೋಡ್ಕ. ಅವ್ಳು ಬಾಯ್ಬಿಟ್ಟು ಯೋಳಕ್ಕಿಲ್ಲ. ಆದ್ರೆ ನೋಡ್ತಾ ಅವ್ಳೆ."

"ಏನ್ಲಾ ನೋಡ್ತಾ ಅವ್ಳೆ?"

"ಒಂದ್ ನತ್ತೆನ ಎಂಗ್ ನೋಡ್ಕತೀಯ ಅಂತ."

ಮನೆಮಾತು ಕನ್ನಡವಾದರೂ ಬಸವನಹುಳುವಿಗೆ ಆ ಕಡೆ ತಮಿಳಿನ ನತ್ತೆ ಎಂಬ ಹೆಸರೇ ರೂಢಿ. ಇದು ಹೊಂಬಣ್ಣದ ನತ್ತೆ, ಅರ್ಚನಾ ಇಟ್ಟ ಹೆಸರು ತಂಗಂ. ಬಸುರಿಯಾಗಿದ್ದಾಗ ನಾಲ್ಕು ತಿಂಗಳು ಮಂಚದಿಂದ ಏಳಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಶಂಕರ್ ಥರ್ಮಲ್ ಸ್ಟೇಷನ್ನಿಗೆ ಶಿಫ್ಟಿಗೆ ಹೋದರೆ ಮನೆಯಲ್ಲಿ ಮಿಸುಕುವ ಜೀವ ಎಂದರೆ ಮಂಚದ ಪಕ್ಕದ ತೊಟ್ಟಿಯ ಈ ಹುಳು ಒಂದೇ. ಅದು ಗಾಜನ್ನು ಹತ್ತಿ ಇಳಿಯುವುದನ್ನು ನೋಡುತ್ತಾ ಅವಳು ದಿನ ನೂಕಿದ್ದಳು. ಗಂಗಲಕ್ಷ್ಮಮ್ಮನಿಗೆ ಇದು ಗೊತ್ತಿತ್ತು. ಅದಕ್ಕೇ ಹುಳುವಿಗೂ ಬಹುವಚನ ಕೊಡುವಷ್ಟು ಭಯಭಕ್ತಿಯಿಂದ ದಿನವೂ ಬೆಳಿಗ್ಗೆ ಕೊಳತ್ತೂರಿನಿಂದ ಬಸ್ಸು ಹತ್ತಿ ಬರುತ್ತಿದ್ದಳು.

ಏನು ಮಾಡಬೇಕೆಂದು ಅರ್ಚನಾ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ದಿನಕ್ಕೆ ಮೀನಿನ ಆಹಾರದ ಒಂದೇ ಗುಳಿಗೆ. ದಿನ ಬಿಟ್ಟು ದಿನ ಬಿಸಿನೀರಲ್ಲಿ ಅದ್ದಿದ ಸೌತೆಕಾಯಿ ಒಂದು ಬಿಲ್ಲೆ. ನೀರು ಇಳಿದಿದ್ದರೆ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನೇ ಹಾಕಬೇಕು. ಊಟದ ವಿಷಯದಲ್ಲಿ ಗಂಗಲಕ್ಷ್ಮಮ್ಮ ಒಂದು ಚೂರೂ ತಪ್ಪಲಿಲ್ಲ. ನೂರಿಪ್ಪತ್ತು ತಟ್ಟೆಗೆ ಲೆಕ್ಕ ತಪ್ಪದೆ ಬಡಿಸಿದವಳಿಗೆ ಒಂದು ಗುಳಿಗೆ ಯಾವ ಲೆಕ್ಕ? ತಪ್ಪಿದ್ದು ನೀರಿನಲ್ಲಿ.

ಮಂಗಳವಾರ ನೋಡಿದರೆ ಮೇ ತಿಂಗಳ ಸೆಕೆಗೆ ತೊಟ್ಟಿಯ ನೀರು ಎರಡು ಬೆರಳು ಇಳಿದಿತ್ತು. ಬಕೆಟ್ಟಿನ ಮುಚ್ಚಳ ತೆಗೆದರೆ ಒಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಥೂ, ಇದನ್ನು ಒಂದು ಜೀವಕ್ಕೆ ಹಾಕುವುದೇ ಎಂದು ಅಷ್ಟನ್ನೂ ಕರಿಬೇವಿನ ಗಿಡಕ್ಕೆ ಸುರಿದಳು. ನಲ್ಲಿಯ ನೀರು ಕ್ಲೋರಿನ್ ಔಷಧಿಯ ನಾತ ಹೊಡೆಯುತ್ತಿತ್ತು. ಅಡುಗೆಮನೆಯಲ್ಲಿ ತಾಮ್ರದ ಬಿಂದಿಗೆ ಇತ್ತು, ಮಗು ಹುಟ್ಟಿದಾಗ ಇವಳೇ ಕೊಟ್ಟದ್ದು. ಸೊಸೆ ಅದನ್ನು ಮುಟ್ಟದೆ ಕಪ್ಪಾಗಿಸಿದ್ದಾಳೆಂದು ಸೋಮವಾರ ಮನಸ್ಸಿನಲ್ಲೇ ಗೊಣಗಿಕೊಂಡು, ಹುಣಸೆಹಣ್ಣು ಉಪ್ಪು ಹಾಕಿ ಫಳಫಳ ಹೊಳೆಯುವಂತೆ ಉಜ್ಜಿ, ಕುಡಿಯುವ ನೀರು ತುಂಬಿಟ್ಟು ಹೋಗಿದ್ದಳು. ಇಡೀ ರಾತ್ರಿ ತಾಮ್ರದಲ್ಲಿ ನಿಂತ ನೀರು. ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಬೆಳಿಗ್ಗೆ ಎದ್ದು ಕುಡಿದ ನೀರು. ಅದಕ್ಕಿಂತ ಒಳ್ಳೆಯದು ಈ ಮನೆಯಲ್ಲಿ ಇನ್ನೇನಿದೆ? ನಾಲ್ಕು ಚೊಂಬು ಬಗ್ಗಿಸಿ, ಇನ್ನೊಂದು ಚೊಂಬು ಪ್ರೀತಿಗೆ ಅಂತ ಹಾಕಿದ್ದಳು.

ಈಗ ಹುಳು ಬಾಗಿಲು ಮುಚ್ಚಿಕೊಂಡು ಬಿದ್ದಿತ್ತು. ಅವಳಿಗೆ ಕಾರಣ ಹೊಳೆಯಲಿಲ್ಲ. ಊಟದ ಸ್ಟೀಲ್ ಡಬ್ಬಿಯನ್ನು ಖಾಲಿ ಮಾಡಿ, ತೊಟ್ಟಿಯ ನೀರಿನ ಜೊತೆಗೇ ತಂಗಂಳನ್ನು ಅದರಲ್ಲಿ ಹಾಕಿಕೊಂಡು, ಬಸ್‌ಸ್ಟ್ಯಾಂಡಿನ ಪಕ್ಕದ ಬಣ್ಣದ ಮೀನಿನ ಅಂಗಡಿಗೆ ಹೆಚ್ಚುಕಡಿಮೆ ಓಡಿದಳು.

ಅಂಗಡಿಯ ಇಳಂಗೋ ಆಗ ತಾನೇ ಶಟರ್ ಎತ್ತಿದ್ದ. ಡಬ್ಬಿಯಿಂದ ಹುಳುವನ್ನು ತೆಗೆದು ಮೂಗಿನ ಹತ್ತಿರ ಹಿಡಿದ. ಗಂಗಲಕ್ಷ್ಮಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಎನ್ನ ತಣ್ಣಿ ಊತ್ತುನೀಂಗಮ್ಮಾ?" ಯಾವ ನೀರು ಹಾಕಿದಿರಿ ಎಂದು ಕೇಳಿದ.

ತಾಮ್ರದ ಬಿಂದಿಗೆಯ ನೀರು ಎಂದು ಅವಳು ತಮಿಳಿನಲ್ಲೇ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಇಳಂಗೋ ತಲೆ ಚಚ್ಚಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ತಾಮ್ರ ನಮಗೆ ಒಳ್ಳೆಯದಿರಬಹುದಮ್ಮ, ನತ್ತೆಗೆ ವಿಷ, ಅದರಲ್ಲೂ ಹುಳಿ ಹಾಕಿ ಉಜ್ಜಿದ ಬಿಂದಿಗೆಯಿಂದ ತಾಮ್ರ ಇನ್ನಷ್ಟು ನೀರಿಗಿಳಿಯುತ್ತದೆ ಎಂದ. ಇನ್ನೂ ನಾತ ಬಂದಿಲ್ಲ, ಅಂದರೆ ಜೀವ ಇರಬಹುದು. ಬೇರೆ ನೀರಿನಲ್ಲಿ ಬಿಟ್ಟು ಕಾಯಿರಿ. ನಾತ ಬಂದರೆ ಮುಗಿಯಿತು. ನಲ್ಲಿಯ ನೀರಿನ ಔಷಧಿಯನ್ನು ಮುರಿಯಲು ಒಂದು ಸಣ್ಣ ಬಾಟಲಿ ಹನಿಯನ್ನೂ ಕೊಟ್ಟ.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಗಂಗಲಕ್ಷ್ಮಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ನಾಳೆಯೇ ಸೊಸೆ ಬರುತ್ತಾಳೆ ಎಂದಳು. ಇಳಂಗೋ ಹಿಂದಿನ ತೊಟ್ಟಿಗೆ ಬಲೆ ಹಾಕಿ ಒಂದು ಹೊಂಬಣ್ಣದ ನತ್ತೆಯನ್ನು ಎತ್ತಿ ತೋರಿಸಿದ. ಅದೇ ಗಾತ್ರ, ಅದೇ ಬಣ್ಣ. ಎಷ್ಟೋ ಜನ ಹೀಗೇ ಮಾಡುತ್ತಾರಮ್ಮ, ಮನೆಯವರಿಗೆ ಗೊತ್ತಾಗುವುದಿಲ್ಲ ಎಂದ. ಪಾಪ, ಅವನು ಹೇಳಿದ್ದು ಕನಿಕರದಿಂದಲೇ.

ಅವಳು ಕೊಂಡಳು. ಯೋಚಿಸಿ ಕೊಂಡಳೆಂದರೆ ಸುಳ್ಳಾಗುತ್ತದೆ, ಕೈ ತಾನಾಗಿ ಚಾಚಿತು.

ಮನೆಗೆ ಬಂದು ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಮರಳನ್ನು ತೊಳೆದು, ಹೊಸ ನೀರಿಗೆ ಇಳಂಗೋ ಕೊಟ್ಟ ಹನಿ ಹಾಕಿ, ಹೊಸ ನತ್ತೆಯನ್ನು ಬಿಟ್ಟಳು. ಹಳೆಯದನ್ನು ಅದೇ ಡಬ್ಬಿಯಲ್ಲಿ ಬೇರೆ ನೀರಿನಲ್ಲಿಟ್ಟು ಅಡುಗೆಮನೆಯ ಕಿಟಕಿಯ ಮೇಲೆ ಇಟ್ಟಳು. ಸೆರಗಿನಿಂದ ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅರ್ಚನಾಳ ವೀಡಿಯೊ ಕಾಲ್.

"ಅತ್ತೆ, ಊಟ ಆಯ್ತಾ? ತಂಗಂನ ವಸಿ ತೋರ್ಸಿ."

ಗಂಗಲಕ್ಷ್ಮಮ್ಮ ಫೋನನ್ನು ತೊಟ್ಟಿಯ ಕಡೆ ತಿರುಗಿಸಿದಳು. ಹೊಸ ನತ್ತೆ ಹೊಸ ಜಾಗದ ಹುರುಪಿನಲ್ಲಿ ಗಾಜಿನ ಮೇಲೆ ಸರಸರ ಹತ್ತುತ್ತಿತ್ತು.

"ಎಷ್ಟು ಚುರುಕಾಗೈತೆ ನೋಡ್ರೀ," ಎಂದು ಅರ್ಚನಾ ಪಕ್ಕದಲ್ಲಿದ್ದ ಶಂಕರನಿಗೆ ಹೇಳಿದಳು. "ನಾನಿದ್ದಾಗ್ಲೂ ಇಂಗೆ ಓಡಾಡಿರ್ಲಿಲ್ಲ. ಅತ್ತೆ, ಅದ್ಕೆ ಏನ್ ಹಾಕುದ್ರಿ?"

"ನೀ ಬರ್ದಿದ್ದೇ ಕಣಮ್ಮ."

"ಅತ್ತೆ, ನೆನ್ನೆ ನಮ್ಮಮ್ಮನತ್ರ ಮಾತಾಡ್ದೆ. ಪಾಪು ನಿಮ್ಮತ್ರಾನೇ ಇರ್ಲಿ. ಜೂನ್ ಎರಡ್ನೇ ತಾರೀಕಿಂದ. ಸರೀನಾ?"

ಪರದೆಯ ತುಂಬ ಮಗುವಿನ ಮುಖ ಬಂತು. ಅದು ಫೋನನ್ನೇ ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ಗಂಗಲಕ್ಷ್ಮಮ್ಮ ಸರಿ ಎಂದಳು, ಮತ್ತೊಮ್ಮೆ ಸರಿ ಎಂದಳು. ಕಾಲ್ ಮುಗಿಯಿತು.

ಬಯಸಿದ್ದು ಕೈಗೆ ಬಂದಾಗ ಕುಣಿಯಬೇಕು. ಅವಳು ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದಳು. ಚಿಪ್ಪಿನ ಬಾಗಿಲು ಸ್ವಲ್ಪ ಸಡಿಲವಾಗಿ, ಒಳಗಿನ ಮಾಂಸ ಬಿಳಿಚಿಕೊಂಡು ಜೋತಿತ್ತು. ಬದುಕಲು ನೋಡುತ್ತಿದೆಯೋ ಸಾಯುತ್ತಿದೆಯೋ ತಿಳಿಯುವಂತಿರಲಿಲ್ಲ. ಮೂಸಿದಳು. ಏನೂ ಇಲ್ಲ. ಕೂತಳು, ಎದ್ದಳು, ಮತ್ತೆ ಮೂಸಿದಳು.

ಶಾಲೆಯಲ್ಲಿ ಒಂದು ಸಲ ಸಾಂಬಾರಿಗೆ ಹಲ್ಲಿ ಬಿದ್ದಿತ್ತು. ಕಂಡದ್ದು ಅವಳೊಬ್ಬಳೇ. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು, ಮೇಲಿನ ಅಧಿಕಾರಿ ಬೇರೆ ಅವತ್ತೇ ಬಂದಿದ್ದರು. ಸೌಟಿನಲ್ಲಿ ಎತ್ತಿ ಬಿಸಾಡಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಎಲ್ಲರೆದುರಿಗೂ ಹೇಳಿ, ಇಡೀ ಪಾತ್ರೆಯನ್ನು ಚೆಲ್ಲಿಸಿ, ಎರಡು ತಿಂಗಳು ಬೈಸಿಕೊಂಡು ಕೆಲಸ ಮಾಡಿದ್ದಳು. ಆ ಮಕ್ಕಳು ಯಾರು ಹೆತ್ತವೋ. ಇವತ್ತು ಸ್ವಂತ ಮೊಮ್ಮಗಳಿಗಾಗಿ ಬಾಯಿ ಮುಚ್ಚಿಕೊಂಡಿದ್ದಾಳೆ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಫೋನ್ ಎತ್ತಿಕೊಂಡಳು.

"ಅರ್ಚನಾ, ಆಗ ತೋರ್ಸಿದ್ದು ತಂಗಂ ಅಲ್ಲ ಕಣಮ್ಮ. ಅಂಗ್ಡಿಯಿಂದ ತಂದಿದ್ದು."

ಅವಳು ಬಿಂದಿಗೆ, ಸೊಳ್ಳೆಮರಿ, ಇಳಂಗೋ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ತಂಗಂ ಇನ್ನೂ ಸತ್ತಿಲ್ಲ ಎಂದಳು, ಸತ್ತರೂ ಸಾಯಬಹುದು ಎಂದಳು.

"ಸರಿ," ಎಂದಳು ಅರ್ಚನಾ. ಫೋನ್ ಇಟ್ಟುಬಿಟ್ಟಳು.

ಸಂಜೆಯವರೆಗೆ ಅವಳ ಕಡೆಯಿಂದ ಫೋನ್ ಬರಲಿಲ್ಲ. ನಾಲ್ಕು ಗಂಟೆಗೆ ಶಂಕರ್ ಮಾಡಿದ.

"ಯೋಳ್ದೆ ಇದ್ದಿದ್ರೆ ಏನಾಯ್ತಿತ್ತಮ್ಮ? ಅವ್ಳು ಒಂದೇ ಸಮ ಅಳ್ತಾ ಅವ್ಳೆ. ಪಾಪು ಇಸ್ಯ ನಾನೀಗ ಎತ್ತಂಗೂ ಇಲ್ಲ."

"ಎತ್ಬ್ಯಾಡ," ಎಂದಳು ಗಂಗಲಕ್ಷ್ಮಮ್ಮ.

ಅಂದು ಕೊಳತ್ತೂರಿನ ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಹೋದಳು. ಮನೆಯಲ್ಲಿ ಗಂಡ ರಾಮಚಂದ್ರಪ್ಪ, ಅದೇನೇ ನಾಕ್ ಸಲ ಮುಚ್ಚಳ ತೆಗ್ದು ಮೂಸ್ತೀಯ ಎಂದು ಕೇಳಿದ. ಅವಳು ಐದನೇ ಸಲ ಮೂಸಿದಳು. ಬೆಳಿಗ್ಗೆ ಐದಕ್ಕೆ ಎದ್ದು ಮುಚ್ಚಳ ತೆಗೆದಾಗ ಮೂಸಬೇಕಾಗಿಯೇ ಇರಲಿಲ್ಲ.

ಗುರುವಾರ ಅವಳು ಡಬ್ಬಿ ಹಿಡಿದು ಮತ್ತೆ ಮಗನ ಮನೆಗೆ ಬಂದಳು, ಹತ್ತು ಗಂಟೆಗೆ ಕಾರು ಬಂತು. ಅರ್ಚನಾ ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. ಕಣ್ಣು ಊದಿದ್ದವು. ತೊಟ್ಟಿಯ ಹತ್ತಿರ ಹೋಗಲಿಲ್ಲ.

"ಎಲ್ಲೈತೆ?"

ಗಂಗಲಕ್ಷ್ಮಮ್ಮ ಡಬ್ಬಿಯನ್ನು ತೋರಿಸಿದಳು. ಅರ್ಚನಾ ಮುಚ್ಚಳವನ್ನು ಅರ್ಧ ತೆಗೆದು ಹಾಗೇ ಮುಚ್ಚಿದಳು. ಮಗು ಅಜ್ಜಿಯ ಕಡೆಗೆ ಬಗ್ಗಿ ಕೈ ಚಾಚಿತು. ಅರ್ಚನಾ ಅದನ್ನು ಬಿಡದೆ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ಆ ಒಂದು ಬದಲಾವಣೆಯಿಂದ ಗಂಗಲಕ್ಷ್ಮಮ್ಮನಿಗೆ ಕಪಾಳಕ್ಕೆ ಹೊಡೆದಷ್ಟೇ ನೋವಾಯಿತು.

"ನೀವು ಯೋಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಯ್ತಿರ್ಲಿಲ್ಲ ಅತ್ತೆ."

"ಗೊತ್ತಾಯ್ತಿರ್ಲಿಲ್ಲ. ಅದ್ಕೇ ಯೋಳ್ದೆ."

"ಮೊದ್ಲು ನಾನ್ ಫೋನ್ ಇಟ್ಮೇಲೆ ಎಷ್ಟೊತ್ತು ಬಿಟ್ಟು ಮಾಡುದ್ರಿ?"

ಗಂಗಲಕ್ಷ್ಮಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. "ಅರ್ಧ ಗಂಟೆ," ಎಂದಳು.

"ನತ್ತೆಗೆ ಅರ್ಧ ಗಂಟೆ ಏನೂ ಅಲ್ಲ. ಪಾಪುಗೆ ಅರ್ಧ ಗಂಟೆ ಜಾಸ್ತಿ ಅತ್ತೆ."

ಶಂಕರ್ ಏನೋ ಹೇಳಲು ಬಂದ. ತಾಯಿ ಕೈಯೆತ್ತಿ ತಡೆದಳು. ಸೊಸೆಯ ಮಾತಿನಲ್ಲಿ ತಪ್ಪಿರಲಿಲ್ಲ. ಬಿಂದಿಗೆಯ ನೀರು ತಿಳಿಯದೆ ಆದದ್ದು. ಆ ಅರ್ಧ ಗಂಟೆ ತಿಳಿದೇ ಆದದ್ದು.

"ನಿಜ ಕಣಮ್ಮ," ಎಂದಳು. "ಪಾಪುನ ಕಡಯಂಪಟ್ಟಿಗೇ ಕಳ್ಸು. ನಿಮ್ಮಮ್ಮ ಚೆನ್ನಾಗಿ ನೋಡ್ಕತಾರೆ. ನಂಗೆ ಬ್ಯಾಸ್ರ ಇಲ್ಲ."

ಬೇಸರವಿಲ್ಲ ಎಂದದ್ದು ಹಸಿ ಸುಳ್ಳು. ಅದು ಮೂವರಿಗೂ ಗೊತ್ತಿತ್ತು. ಗಂಗಲಕ್ಷ್ಮಮ್ಮ ತನ್ನ ಚೀಲವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಚಪ್ಪಲಿಗೆ ಕಾಲು ತೂರಿಸಿದಳು.

"ಅತ್ತೆ, ನಿಲ್ಲಿ."

ಅರ್ಚನಾ ಬಾಗಿಲ ತನಕ ಬಂದಳು. ಅವಳಿಗಿನ್ನೂ ಕೋಪ ಇಳಿದಿರಲಿಲ್ಲ, ದನಿ ಒರಟಾಗಿಯೇ ಇತ್ತು.

"ಪಾಪು ಬಿದ್ರೆ, ಜ್ವರ ಬಂದ್ರೆ, ನಿಮ್ ಕೈಯಾಗೇ ಏನಾರ ತಪ್ಪಾದ್ರೆ, ಮೊದ್ಲು ನಂಗೆ ಫೋನ್ ಮಾಡ್ಬೇಕು. ಎದ್ರುಕೊಳ್ಳೋದು, ಅಳೋದು ಎಲ್ಲಾ ಆಮೇಲೆ. ಮಾಡ್ತೀರಾ?"

ಗಂಗಲಕ್ಷ್ಮಮ್ಮ ತಲೆಯಾಡಿಸಿದಳು.

"ಬಾಯ್ಬಿಟ್ಟು ಯೋಳಿ."

"ಮೊದ್ಲು ನಿಂಗೆ ಫೋನು," ಎಂದಳು ಅತ್ತೆ. ಚಪ್ಪಲಿಯನ್ನು ಅಲ್ಲೇ ಕಳಚಿ, ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಸೆಯ ಸೊಂಟದಿಂದ ಮಗುವನ್ನು ಇಸಿದುಕೊಂಡಳು.